ಕಾಡಿಗೂ ಒಂದು ದಾರಿ ಬೇಡವೇ?

ಕಳೆದ ತಿಂಗಳ ಒಂದು ಭಾನುವಾರ, ಎರಡನೆಯ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ನಾಲ್ಕೈದು ಹಿರಿಯರು ನನ್ನನ್ನು ಕಾಣಲು ಬಂದರು. ಕೈಯಲ್ಲೊಂದು ಮನವಿ ಪತ್ರವಿತ್ತು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ರಾತ್ರಿ ಸಂಚಾರ ನಿಷೇಧವನ್ನು ತೆಗೆದುಹಾಕಬೇಕೆಂಬುದು ಅದರ ಸಾರ. "ಸ್ವಾಮಿ, ಮೊದಲನೇ ಸಹಿ ನಿಮ್ಮದೇ ಇರಲಿ. ಆಮೇಲೆ ಜನ ತಾವಾಗಿಯೇ ಹಾಕ್ತಾರೆ" ಎಂದರು. ನಾನು ಹಾಕಲಿಲ್ಲ. ಕಾಫಿ ಕೊಟ್ಟು ಕಳುಹಿಸಿದೆ. ಹೊರಡುವಾಗ ಅವರಲ್ಲೊಬ್ಬರು, "ಸ್ವಾಮಿಗಳಿಗೆ ಮನುಷ್ಯರಿಗಿಂತ ಹುಲಿನೇ ಹೆಚ್ಚಾಯ್ತು" ಎಂದು ಅಂಗಳದಲ್ಲಿ ನಿಂತು ಹೇಳಿದ್ದು ಕಿಟಕಿಯಿಂದ ನನಗೂ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದಿರಬೇಕು.

ಪ್ರಿಯ ಓದುಗರೇ, ಆ ಮಾತಿಗೆ ಅಂದು ಅಂಗಳದಲ್ಲಿಯೇ ಉತ್ತರ ಕೊಡಬಹುದಿತ್ತು. ಆದರೆ ಇದು ನಮ್ಮೊಂದು ಧರ್ಮಕೇಂದ್ರದ ಮಾತಲ್ಲ. ಮೈಸೂರು, ಚಾಮರಾಜನಗರ, ಕೊಡಗು, ವಯನಾಡುಗಳ ನಡುವೆ ಬಂಧುತ್ವ, ವ್ಯಾಪಾರ, ಯಾತ್ರೆಗಳನ್ನು ಇಟ್ಟುಕೊಂಡಿರುವ ಪ್ರತಿಯೊಂದು ಕ್ರೈಸ್ತ ಕುಟುಂಬದ ಊಟದ ಮೇಜಿನ ಮೇಲೆ ಈ ಮಾತು ಒಂದಲ್ಲ ಒಂದು ದಿನ ಬಂದೇ ಬಂದಿರುತ್ತದೆ. ಆದುದರಿಂದ ನಿಮ್ಮೆಲ್ಲರ ಮುಂದೆ ನನ್ನ ಲೆಕ್ಕವನ್ನು ಒಪ್ಪಿಸುತ್ತೇನೆ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. 2009ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಬಂಡೀಪುರವನ್ನು ಹಾಯುವ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಲ್ಲಿಸಿ ಆದೇಶ ಹೊರಡಿಸಿದರು. ಒಂದು ವಯನಾಡಿನ ಕಡೆಗೆ, ಇನ್ನೊಂದು ಊಟಿಯ ಕಡೆಗೆ ಹೋಗುವ ರಸ್ತೆ. ಕೆಲವೇ ದಿನಗಳಲ್ಲಿ ಒತ್ತಡ ಬಂದು ಆದೇಶ ಹಿಂದಕ್ಕೆ ಹೋಯಿತು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಉಚ್ಚ ನ್ಯಾಯಾಲಯಕ್ಕೆ ಹೋಗಿ, ನಿಷೇಧ ಮತ್ತೆ ಜಾರಿಗೆ ಬಂತು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೇರಳ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. 2019ರಲ್ಲಿ, ಈ ರಸ್ತೆಯನ್ನು ಪೂರ್ತಿಯಾಗಿ ಮುಚ್ಚಿ ಬದಲಿ ರಸ್ತೆಯನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಆ ನ್ಯಾಯಾಲಯದಲ್ಲಿ ಎದ್ದಾಗ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹಗಳು ನಡೆದವು. 2025ರ ಏಪ್ರಿಲ್‌ನಲ್ಲಿ ಈ ಕಡೆಯ ಪರಿಸರಾಸಕ್ತರು, ನಿಷೇಧ ಸಡಿಲವಾಗಕೂಡದೆಂದು ಬಂಡೀಪುರದ ಅಂಚಿನಲ್ಲಿ ಕಾಲ್ನಡಿಗೆ ಮಾಡಿದರು. ಮುಖ್ಯಮಂತ್ರಿಗಳು ಬದಲಾದರು, ಹೆದ್ದಾರಿಯ ಸಂಖ್ಯೆ 212 ಹೋಗಿ 766 ಆಯಿತು. ವಾದ ಮಾತ್ರ ಬದಲಾಗಲಿಲ್ಲ: ಮನುಷ್ಯ ದೊಡ್ಡವನೋ, ಪ್ರಾಣಿ ದೊಡ್ಡದೋ?

ಈ ಪ್ರಶ್ನೆಯೇ ಮೋಸದ ಪ್ರಶ್ನೆ ಎನ್ನುತ್ತೇನೆ ನಾನು. ಯಾಕೆಂದು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಿಷೇಧ ಬರುವುದಕ್ಕೆ ಮುಂಚಿನ ಮಾತು. ನಾನಿನ್ನೂ ಹೊಸ ಗುರು. ಬತ್ತೇರಿಯ ಕಡೆ ಸಹಪಾಠಿಯೊಬ್ಬರ ತಾಯಿಯ ಶವಸಂಸ್ಕಾರ ಮುಗಿಸಿ, ಮರುದಿನ ಬೆಳಗಿನ ಪೂಜೆಗೆ ಊರಿನಲ್ಲಿರಲೇಬೇಕೆಂದು ರಾತ್ರಿಯೇ ಜೀಪಿನಲ್ಲಿ ಹೊರಟೆವು. ಮೂಲೆಹೊಳೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಎದುರಿನಿಂದ ಬಂದ ಲಾರಿಯ ದೀಪ ಕಣ್ಣಿಗೆ ಹೊಡೆದು ಮರೆಯಾಯಿತು. ಆ ಕತ್ತಲೆಯಲ್ಲಿ ನಮ್ಮ ಜೀಪಿನ ದೀಪದ ಮುಂದೆ ಒಂದು ಹೆಣ್ಣು ಜಿಂಕೆ ನಿಂತಿತ್ತು. ಓಡಲಿಲ್ಲ, ಬದಿಗೆ ಸರಿಯಲಿಲ್ಲ, ನಿಂತೇ ಇತ್ತು. ಸದ್ದು ದೊಡ್ಡದೇನೂ ಆಗಲಿಲ್ಲ. ಡ್ರೈವರು, "ನಿಲ್ಲಿಸೋದು ಬೇಡ ಸ್ವಾಮಿ, ಆನೆ ಇರುತ್ವೆ" ಎಂದ. ನಾನು "ಸರಿ" ಎಂದೆ. ಆನೆಯ ಭಯ ನಿಜವೇ. ಆದರೆ ನನ್ನನ್ನು ನಿಲ್ಲದಂತೆ ಮಾಡಿದ್ದು ಆನೆಯಲ್ಲ, ಬೆಳಗಿನ ಪೂಜೆಯ ಹೊತ್ತು. ಒಳ್ಳೆಯ ಸಮಾರಾಯನ ಸಾಮತಿಯಲ್ಲಿ ಬಿದ್ದವನನ್ನು ನೋಡಿ ಆಚೆ ಬದಿಯಿಂದ ಹಾದುಹೋದ ಯಾಜಕನಿಗೂ ದೇವಾಲಯದ ಕೆಲಸದ ಅವಸರವೇ ಇದ್ದಿರಬಹುದೆಂದು ನಾನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ಜೀಪು ನೆನಪಾಗುತ್ತದೆ. ಧರ್ಮೋಪದೇಶಕಾಂಡವಂತೂ ಇನ್ನೂ ನೇರವಾಗಿದೆ. ಸಹೋದರನ ಕತ್ತೆಯೋ ಎತ್ತೋ ದಾರಿಯಲ್ಲಿ ಬಿದ್ದಿರುವುದನ್ನು ಕಂಡರೆ ಕಾಣದವನಂತೆ ಹೋಗಬಾರದೆಂದು ಅದರ 22ನೆಯ ಅಧ್ಯಾಯ ವಿಧಿಸುತ್ತದೆ. ಜಿಂಕೆ ಯಾರ ಎತ್ತೂ ಅಲ್ಲವಲ್ಲ ಎಂದು ವಾದಿಸುವವರಿದ್ದರೆ, ಅದರ ಒಡೆಯನು ಯಾರೆಂದು ಅವರೇ ಯೋಚಿಸಲಿ.

ಆ ಜಿಂಕೆ ಏಕೆ ಓಡಲಿಲ್ಲ? ರಾತ್ರಿ ಮೇಯುವ ಪ್ರಾಣಿಯ ಕಣ್ಣು ಮಿಣುಕು ಬೆಳಕಿಗಾಗಿ ಅಗಲವಾಗಿ ತೆರೆದಿರುತ್ತದೆ. ಅದರೊಳಗೆ ವಾಹನದ ದೀಪ ಒಮ್ಮೆಲೇ ಸುರಿದರೆ ಅದು ಕುರುಡಾಗುತ್ತದೆ. ಏನೂ ಕಾಣದಿರುವಾಗ ಅಲುಗಾಡದೆ ನಿಲ್ಲುವುದೇ ಕ್ಷೇಮವೆಂದು ಅದರ ಹುಟ್ಟುಗುಣ ಕಲಿಸಿದೆ. ಚಿರತೆಯ ಮುಂದೆ ಈ ಪಾಠ ಉಪಯೋಗಕ್ಕೆ ಬರುತ್ತದೆ, ಲಾರಿಯ ಮುಂದೆ ಬರುವುದಿಲ್ಲ. ಅಷ್ಟೇ ಅಲ್ಲ, ರಸ್ತೆ ತಾನೇ ಪ್ರಾಣಿಗಳನ್ನು ಕರೆಯುತ್ತದೆ. ಹಗಲು ಕಾದ ಟಾರಿನ ಮೇಲೆ ಬೆಚ್ಚಗಿರಲು ಹಾವು ಬರುತ್ತದೆ. ರಸ್ತೆಯಿಂದ ಹರಿದ ನೀರು ಬದಿಯಲ್ಲಿ ನಿಂತು ಹಸಿರು ಹುಲ್ಲು ಚಿಗುರುವುದರಿಂದ ಜಿಂಕೆ, ಕಡವೆಗಳು ಬರುತ್ತವೆ. ಮೊದಲ ಮಳೆಗೆ ಕಪ್ಪೆಗಳು ಬರುತ್ತವೆ. ಸತ್ತ ಮೊಲವನ್ನು ತಿನ್ನಲು ಬಂದ ನರಿಯೋ ಪುನುಗು ಬೆಕ್ಕೋ ಮುಂದಿನ ವಾಹನಕ್ಕೆ ಸಿಗುತ್ತದೆ. ನಾವು ಎಣಿಸುವುದು ಸತ್ತ ಹುಲಿ ಚಿರತೆಗಳನ್ನು ಮಾತ್ರ. ಕಪ್ಪೆಯನ್ನು ಎಣಿಸಿದವರಾರು?

ಇನ್ನು ಸಾಯದೆ ಉಳಿದವುಗಳ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡುಗಳು ನಕ್ಷೆಯಲ್ಲಿ ನಾಲ್ಕು ಹೆಸರು, ಮೂರು ರಾಜ್ಯ. ಆನೆಗೆ ಒಂದೇ ಕಾಡು. ಏಷ್ಯಾದ ಆನೆಗಳ ಅತಿ ದೊಡ್ಡ ಸಂತತಿ ಇರುವುದು ಈ ನೀಲಗಿರಿ ಸುತ್ತಿನ ಕಾಡುಗಳಲ್ಲಿಯೇ. ಬೇಸಿಗೆಯಲ್ಲಿ ಕೆರೆಗಳು ಒಣಗಿದಾಗ ಅವು ಕಬಿನಿಯ ಹಿನ್ನೀರಿಗೆ ಇಳಿದುಬರುತ್ತವೆ. ಮರಿಗಳನ್ನು ನಡುವೆ ಇಟ್ಟುಕೊಂಡು ಬಂದ ಹಿಂಡು, ಎಡೆಬಿಡದೆ ವಾಹನ ಹರಿಯುವ ರಸ್ತೆಯ ಅಂಚಿಗೆ ಬಂದು ನಿಂತು, ಹಿಂದಕ್ಕೆ ತಿರುಗಿದರೆ ಅದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಹೀಗೆ ವರ್ಷಗಟ್ಟಲೆ ನಡೆದರೆ ರಸ್ತೆಯ ಆಚೆಯ ಕಾಡು ಬೇರೆ, ಈಚೆಯ ಕಾಡು ಬೇರೆ ಆಗುತ್ತದೆ. ಚಿಕ್ಕ ತುಂಡಿನಲ್ಲಿ ಉಳಿದ ಸಂತತಿ ತನ್ನೊಳಗೇ ಬೆರೆತು ಕ್ಷೀಣಿಸುತ್ತದೆ.

"ಹಾಗಾದರೆ ರಸ್ತೆಯೇ ಬೇಡವೇ?" ಎಂದು ಕೇಳುವಿರಿ. ಬೇಡವೆಂದು ನಾನು ಹೇಳುತ್ತಿಲ್ಲ. ರಸ್ತೆಯನ್ನೂ ಇಟ್ಟುಕೊಂಡು ಪ್ರಾಣಿಗಳಿಗೂ ದಾರಿ ಬಿಡುವುದು ಸಾಧ್ಯವೆಂದು ಜಗತ್ತು ಈಗಾಗಲೇ ತೋರಿಸಿದೆ. ಕೆನಡಾದ ಬ್ಯಾಂಫ್ ರಾಷ್ಟ್ರೀಯ ಉದ್ಯಾನದಲ್ಲಿ 1980ರ ದಶಕದಿಂದ ಆರಂಭಿಸಿ ಹೆದ್ದಾರಿಯ ಮೇಲೆ 6 ಸೇತುವೆಗಳನ್ನೂ ಕೆಳಗೆ 38 ದಾರಿಗಳನ್ನೂ ಪ್ರಾಣಿಗಳಿಗಾಗಿಯೇ ಕಟ್ಟಿದ್ದಾರೆ. ಮೇಲಿನ ಸೇತುವೆಗಳ ಮೇಲೆ ಮಣ್ಣು ಹರಡಿ ಗಿಡಮರ ಬೆಳೆಸಿದ್ದಾರೆ. ಪ್ರಾಣಿಗಳು ರಸ್ತೆಗೆ ಬಾರದೆ ಆ ದಾರಿಗಳಿಗೇ ಹೋಗುವಂತೆ ಉದ್ದಕ್ಕೂ ಬೇಲಿ ಹಾಕಿದ್ದಾರೆ. ದೊಡ್ಡ ಪ್ರಾಣಿಗಳಿಗೆ ವಾಹನ ಬಡಿಯುವುದು ಶೇಕಡ 80ಕ್ಕಿಂತ ಹೆಚ್ಚು ಕಡಿಮೆಯಾಗಿದೆ. ಅಲ್ಲಿಯ ಕರಡಿಗಳು ಆ ಸೇತುವೆಗಳನ್ನು ನಂಬಲು ವರ್ಷಗಳೇ ಹಿಡಿದವಂತೆ. ನಮ್ಮಲ್ಲಾಗಿದ್ದರೆ ಮೊದಲ ವರ್ಷವೇ "ಯಾವ ಪ್ರಾಣಿಯೂ ಬರುತ್ತಿಲ್ಲ, ದುಡ್ಡು ದಂಡ" ಎಂದು ವರದಿ ಬರೆದು ಮುಗಿಸುತ್ತಿದ್ದೆವು.

ಪರದೇಶದ ಮಾತೇಕೆ? ನಾಗಪುರದಿಂದ ಸಿವನಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಪೆಂಚ್ ಹುಲಿ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅದನ್ನು ನಾಲ್ಕು ಪಥಕ್ಕೆ ಅಗಲಿಸಲು ಹೊರಟಾಗ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಮಹಾರಾಷ್ಟ್ರದ ಭಾಗದಲ್ಲಿ ಸುಮಾರು 16 ಕಿಲೋಮೀಟರ್ ದೂರದೊಳಗೆ 9 ಕಡೆಗಳಲ್ಲಿ ರಸ್ತೆಯನ್ನು ಕಂಬಗಳ ಮೇಲೆ ಎತ್ತಿ, ಕೆಳಗಿನ ನೆಲವನ್ನು ಕಾಡಿಗೇ ಬಿಟ್ಟರು. ಅವುಗಳಲ್ಲಿ ಅತಿ ಉದ್ದದ್ದು 750 ಮೀಟರ್. 2019ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಭಾರತೀಯ ವನ್ಯಜೀವಿ ಸಂಸ್ಥೆಯವರು ಅಲ್ಲಿ ಕ್ಯಾಮೆರಾಗಳನ್ನಿಟ್ಟು ನೋಡಿದರು. 18 ಜಾತಿಯ ಕಾಡುಪ್ರಾಣಿಗಳು 5,450 ಬಾರಿ ಆ ದಾರಿಗಳಲ್ಲಿ ಕಾಣಿಸಿಕೊಂಡವು. 11 ಹುಲಿಗಳು 89 ಸಲ ಹಾದುಹೋಗಿದ್ದವು. ಮೇಲೆ ಲಾರಿ, ಕೆಳಗೆ ಹುಲಿ. ನಮ್ಮ ಎಂಜಿನಿಯರುಗಳಿಗೆ ಬುದ್ಧಿಯಿಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ.

ಹಣವೇ ಬೇಕೆಂದೂ ಇಲ್ಲ. ಆನೆಮಲೆಯ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಉಳಿದಿರುವ ಪುದುತೋಟ್ಟಂ ಕಾಡಿನ ತುಂಡಿನಲ್ಲಿ ಸಿಂಗಳೀಕಗಳು ರಸ್ತೆ ದಾಟುವಾಗ ಸಾಯುತ್ತಿದ್ದವು. ಅಲ್ಲಿ ಕೆಲಸ ಮಾಡುವ ವಿಜ್ಞಾನಿಗಳು, ಬೆಂಕಿ ಆರಿಸುವವರು ಬಳಸಿ ಬಿಟ್ಟ ನೀರಿನ ಕೊಳವೆಗಳನ್ನು ಹೆಣೆದು ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದರು. ಕೋತಿಗಳು ಈಗ ಮೇಲಿನಿಂದಲೇ ದಾಟುತ್ತವೆ. ನಮ್ಮ ಕಾಫಿ ತೋಟಗಳ ರಸ್ತೆಗಳಲ್ಲಿ ಇಂಥದೊಂದನ್ನು ಕಟ್ಟಲು ಯಾವ ಸರ್ಕಾರದ ಆದೇಶಕ್ಕೆ ಕಾಯಬೇಕು?

ಇಷ್ಟು ಓದಿದ ನಮ್ಮ ಹಿರಿಯರು ಈಗ ಸಂತೋಷದಿಂದ ಎದ್ದು ಕೂತಿರುತ್ತಾರೆಂದು ಬಲ್ಲೆ. "ನೋಡಿದಿರಾ ಸ್ವಾಮಿ, ನೀವೇ ಹೇಳಿದಿರಿ! ಬಂಡೀಪುರದಲ್ಲೂ ಹಾಗೇ ಮೇಲ್ಸೇತುವೆ ಕಟ್ಟಿ ಗೇಟು ತೆಗೆಯಲಿ." 2018ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಇದನ್ನೇ ಸೂಚಿಸಿತ್ತು. ಒಂದೊಂದು ಕಿಲೋಮೀಟರಿನ ಐದು ಎತ್ತರಿಸಿದ ರಸ್ತೆಗಳು, ಉಳಿದ ದೂರಕ್ಕೆ ಬೇಲಿ, ನೂರಾರು ಕೋಟಿ ರೂಪಾಯಿ ಖರ್ಚು, ಪ್ರತಿಯಾಗಿ ರಾತ್ರಿ ಸಂಚಾರಕ್ಕೆ ಅವಕಾಶ.

ಇಲ್ಲಿಯೇ ನನ್ನ ಮತ್ತು ಅವರ ದಾರಿ ಕವಲೊಡೆಯುತ್ತದೆ. ಪೆಂಚ್‌ನಲ್ಲಿ ರಸ್ತೆ ಹಗಲೂ ರಾತ್ರಿ ತೆರೆದಿತ್ತು. ಪ್ರಾಣಿಗಳಿಗೆ ಏನೂ ಇರಲಿಲ್ಲ, ಸೇತುವೆಯಿಂದ ಏನೋ ಒಂದಿಷ್ಟು ದೊರೆಯಿತು. ಬಂಡೀಪುರದಲ್ಲಿ ಹಾಗಲ್ಲ. ಇಲ್ಲಿ ಪ್ರತಿ ರಾತ್ರಿ ಒಂಬತ್ತು ಗಂಟೆಗಳ ಕಾಲ, ಮದ್ದೂರು ಗೇಟಿನಿಂದ ಮೂಲೆಹೊಳೆಯವರೆಗಿನ ಸುಮಾರು ಇಪ್ಪತ್ತು ಕಿಲೋಮೀಟರ್ ರಸ್ತೆ ಇಡಿಯಾಗಿ ಪ್ರಾಣಿಗಳ ದಾರಿಯಾಗಿದೆ. ಕಾಂಕ್ರೀಟಿಲ್ಲ, ಕಂಬವಿಲ್ಲ, ಟೆಂಡರಿಲ್ಲ. ಒಂದು ಅಡ್ಡಕಂಬ ಮತ್ತು ಅದನ್ನು ಇಳಿಸುವ ಒಬ್ಬ ಅರಣ್ಯ ರಕ್ಷಕ, ಅಷ್ಟೇ. ಇಷ್ಟು ಅಗ್ಗದ, ಇಷ್ಟು ಅಗಲದ ಪ್ರಾಣಿಸೇತುವೆ ಬೇರೆಲ್ಲಿದೆ? ಇದನ್ನು ಕಿತ್ತುಕೊಂಡು ಐದು ಕಿಲೋಮೀಟರ್ ಕೊಡುತ್ತೇವೆ ಎನ್ನುವುದು ಯಾವ ನ್ಯಾಯ? ಊರುಗೋಲು ಕಾಲಿಲ್ಲದವನಿಗೆ ಉಪಕಾರ. ನಡೆಯುವವನ ಕಾಲು ಮುರಿದು ಊರುಗೋಲು ಕೊಟ್ಟೆವೆಂದು ಹೆಮ್ಮೆಪಡುವುದನ್ನು ಉಪಕಾರ ಎನ್ನಲಾಗದು. ಅದರ ಮೇಲೆ ಕಟ್ಟುವ ಕೆಲಸವೆಂದರೇನು? ವರ್ಷಗಟ್ಟಲೆ ಹುಲಿ ಕಾಡಿನ ಎದೆಯಲ್ಲಿ ಕ್ರೇನು, ಜಲ್ಲಿ ಲಾರಿ, ಕೂಲಿಕಾರರ ಬಿಡಾರ, ಮರ ಕಡಿತ.

ಇನ್ನು ಮನವಿ ಪತ್ರದಲ್ಲಿ ಕೊಟ್ಟಿದ್ದ ಕಾರಣಗಳಿಗೆ ಬರೋಣ. ರೋಗಿಗಳು ಸಾಯುತ್ತಾರೆ ಎಂದು ಬರೆದಿದ್ದಾರೆ. ಆಂಬುಲೆನ್ಸಿಗೂ ತುರ್ತು ವಾಹನಗಳಿಗೂ ನಿಷೇಧ ಎಂದೂ ಅನ್ವಯಿಸಿಲ್ಲ. ಎರಡೂ ರಾಜ್ಯಗಳ ಕೆಲವು ಸಾರಿಗೆ ಬಸ್ಸುಗಳು ಕೂಡ ರಾತ್ರಿ ಹೋಗುತ್ತವೆ. ಗೊತ್ತಿದ್ದೂ ರೋಗಿಯ ಹೆಸರನ್ನು ಮುಂದಿಡುವುದು ಸರಿಯಲ್ಲ. ದಾರಿಯಿಲ್ಲ ಎಂದಿದ್ದಾರೆ. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ದಾರಿಯಿದೆ. 30-35 ಕಿಲೋಮೀಟರ್ ಸುತ್ತು, ನಿಜ. ಕರ್ನಾಟಕ ಸರ್ಕಾರ ಅದನ್ನು ದುಡ್ಡು ಹಾಕಿ ಸರಿಪಡಿಸಿದೆ. (ಅದೂ ಕಾಡಿನ ಅಂಚನ್ನು ತಾಗಿಯೇ ಹೋಗುತ್ತದೆ ಎಂದು ತಿಳಿದವರು ಹೇಳಿಯಾರು. ಅವರ ಮಾತೂ ನಿಜ. ಆ ಚರ್ಚೆಯನ್ನು ಇನ್ನೊಮ್ಮೆ ಮಾಡೋಣ.)

ತರಕಾರಿಯ ಮಾತು ಮಾತ್ರ ನನ್ನನ್ನು ನಿಜವಾಗಿ ಕಾಡುತ್ತದೆ. ಗುಂಡ್ಲುಪೇಟೆಯ ಸುತ್ತಿನ ರೈತನು ಟೊಮೆಟೊ, ಬೀನ್ಸು, ಎಲೆಕೋಸು ಬೆಳೆದು ಕೇರಳದ ಸಂತೆಯನ್ನೇ ನಂಬಿದ್ದಾನೆ. ಸಂಜೆ ಕೊಯ್ದದ್ದು ಬೆಳಗಾಗುವುದರೊಳಗೆ ಕೋಯಿಕ್ಕೋಡು ಸೇರಿದರೆ ಒಂದು ಬೆಲೆ, ಮಧ್ಯಾಹ್ನ ಸೇರಿದರೆ ಇನ್ನೊಂದು ಬೆಲೆ. ಎಂಟೂಮುಕ್ಕಾಲಕ್ಕೆ ಗೇಟು ತಲುಪಲು ಲಾರಿಗಳು ಜೀವದ ಹಂಗು ತೊರೆದು ಓಡುತ್ತವೆ. ತಪ್ಪಿಸಿಕೊಂಡ ಡ್ರೈವರು ರಸ್ತೆಯ ಬದಿಯಲ್ಲಿ ಸೊಳ್ಳೆ ಹೊಡೆಯುತ್ತಾ ರಾತ್ರಿ ಕಳೆಯುತ್ತಾನೆ. ಅವನಿಗೊಂದು ಶೌಚಾಲಯ, ಕುಡಿಯುವ ನೀರು, ಮಲಗಲು ಒಂದು ಚಾವಡಿ, ತರಕಾರಿ ಬಾಡದಂತೆ ಒಂದು ಶೀತಲ ಗೃಹ, ಇವನ್ನೆಲ್ಲ ಕೇಳಬೇಕಾದದ್ದು ನಮ್ಮ ಧರ್ಮ. ಇಷ್ಟು ವರ್ಷಗಳಲ್ಲಿ ಅದಕ್ಕೆಂದು ಒಂದು ಮನವಿಗೂ ನನ್ನ ಸಹಿ ಕೇಳಲು ಯಾರೂ ಬರಲಿಲ್ಲ. ಕಷ್ಟದ ಬೆಲೆಯನ್ನು ರೈತನ ಮೇಲೆಯೇ ಹೊರಿಸಿ, ಪುಣ್ಯವನ್ನು ಮಾತ್ರ ನಾವು ನಗರದಲ್ಲಿ ಕುಳಿತು ಎಣಿಸುವ ಪರಿಸರ ಪ್ರೇಮವನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಅದರ ಪರಿಹಾರವನ್ನು ಆನೆಯ ಕೈಯಿಂದ ಕೊಡಿಸುವುದನ್ನೂ ಒಪ್ಪುವುದಿಲ್ಲ.

ಮನುಷ್ಯರಿಗಿಂತ ಹುಲಿ ಹೆಚ್ಚಾಯಿತೇ ಎಂದು ಕೇಳಿದರಲ್ಲ, ಅವರಿಗೆ ಇನ್ನೊಂದು ಮಾತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಆ ದಶಕದಿಂದಾಚೆಗೆ ಇಲ್ಲಿಯ ಮತ್ತು ನಾಗರಹೊಳೆಯ ಕಾಡಿನ ಒಳಗಿದ್ದ ಜೇನು ಕುರುಬರ ಹಾಡಿಗಳನ್ನು ಎಬ್ಬಿಸಿ ಹೊರಗೆ ಕಳುಹಿಸಿದರು. ಅವರ ಕಾಲಿನ ಕೆಳಗೆ ಒಂದು ಮೊಲವೂ ಸತ್ತಿರಲಿಲ್ಲ. ಆಗ "ಮನುಷ್ಯ ಮೊದಲು" ಎಂದು ಮನವಿ ಹಿಡಿದು ಬಂದವರು ಎಷ್ಟು ಮಂದಿ? ಹುಲಿಗಾಗಿ ಜೇನು ಕುರುಬನನ್ನು ಹೊರಗೆ ಹಾಕಲು ನಮಗೆ ಸಂಕೋಚವಾಗಲಿಲ್ಲ. ಅದೇ ಹುಲಿಗಾಗಿ ಲಾರಿಯನ್ನು ಒಂಬತ್ತು ಗಂಟೆ ಹೊರಗೆ ನಿಲ್ಲಿಸಬೇಕಾದಾಗ ಮಾತ್ರ ಮಾನವೀಯತೆ ನೆನಪಾಗುತ್ತದೆ. ಆದುದರಿಂದಲೇ ಆ ಪ್ರಶ್ನೆಯನ್ನು ಮೋಸದ್ದು ಎಂದೆ. ಅದರಲ್ಲಿ ಬರುವ 'ಮನುಷ್ಯ' ಯಾವಾಗಲೂ ಚಕ್ರವುಳ್ಳ ಮನುಷ್ಯ.

ಧರ್ಮಸಭೆಗೆ ಇದರಲ್ಲೇನು ಕೆಲಸ ಎನ್ನುವವರಿಗೆ, ಫ್ರಾನ್ಸಿಸ್ ಜಗದ್ಗುರುಗಳು 2015ರಲ್ಲಿ ಬರೆದ 'ಲೌದಾತೊ ಸಿ' ವಿಶ್ವಪತ್ರದ 35ನೆಯ ಪರಿಚ್ಛೇದವನ್ನು ತೆರೆದು ನೋಡಿ ಎಂದಷ್ಟೇ ಹೇಳುತ್ತೇನೆ. ಹೆದ್ದಾರಿಗಳು, ಬೇಲಿಗಳು, ಅಣೆಕಟ್ಟುಗಳು ಪ್ರಾಣಿಗಳ ನೆಲೆಯನ್ನು ತುಂಡರಿಸಿ ಅವುಗಳ ವಲಸೆಯನ್ನು ತಡೆಯುವುದನ್ನೂ, ಅವುಗಳಿಗಾಗಿ ಸಂಪರ್ಕ ದಾರಿಗಳನ್ನು ಬಿಡುವ ಮುಂದಾಲೋಚನೆ ಕೆಲವೇ ದೇಶಗಳಲ್ಲಿರುವುದನ್ನೂ ಅವರು ಅಲ್ಲಿ ಹೆಸರಿಟ್ಟೇ ಹೇಳಿದ್ದಾರೆ. ಗುರುಮಠದಲ್ಲಿ ನಮಗೆ ಹೆದ್ದಾರಿಯ ದೈವಶಾಸ್ತ್ರವನ್ನು ಯಾರೂ ಕಲಿಸಿರಲಿಲ್ಲ. ಈ ಪರಿಚ್ಛೇದವನ್ನು ಮೊದಲ ಸಲ ಓದಿದಾಗ, ರೋಮಿನಲ್ಲಿ ಕುಳಿತವರಿಗೆ ನಮ್ಮ ಮೂಲೆಹೊಳೆ ಹೇಗೆ ಗೊತ್ತಾಯಿತು ಎಂದು ಬೆರಗಾದೆ. ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸರ ಹಬ್ಬಕ್ಕೆ ಮಕ್ಕಳಿಂದ ಮೊಲ, ಪಾರಿವಾಳಗಳ ಚಿತ್ರ ಬರೆಸಿ ಬಹುಮಾನ ಕೊಡುವ ನಾವು, ಮರುವಾರ ಅದೇ ಸಭಾಂಗಣದಲ್ಲಿ ಗೇಟು ತೆಗೆಸುವ ಮನವಿಗೆ ಸಹಿ ಸಂಗ್ರಹಿಸಿದರೆ ಆ ಮಕ್ಕಳು ನಮ್ಮಿಂದ ಏನನ್ನು ಕಲಿತಾರು?

ಇನ್ನೊಂದು ರಸ್ತೆಯ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ, ಏಕೆಂದರೆ ಅಲ್ಲಿ ತಪ್ಪು ಪೂರ್ತಿಯಾಗಿ ನಮ್ಮದೇ. ಪ್ರತಿ ವರ್ಷ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 8ರವರೆಗೆ ವೇಳಾಂಗಣಿ ಮಾತೆಯ ಹಬ್ಬಕ್ಕೆ ನಮ್ಮ ಧರ್ಮಕೇಂದ್ರಗಳಿಂದ ಟೆಂಪೊ, ವ್ಯಾನುಗಳು ಚಾಮರಾಜನಗರ, ಹಾಸನೂರು, ದಿಂಬಂ ಘಟ್ಟದ ಮಾರ್ಗವಾಗಿ ಇಳಿಯುತ್ತವೆ. ಸತ್ಯಮಂಗಲದ ಆ ಕಾಡೂ ಹುಲಿಯ ಕಾಡೇ. 27 ತಿರುವುಗಳ ಆ ಘಟ್ಟದಲ್ಲಿ ರಾತ್ರಿ ಸಂಚಾರವನ್ನು ನಿರ್ಬಂಧಿಸುವಂತೆ 2022ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಆದೇಶಿಸಿತು. ಆದರೂ ನಮ್ಮವರು ಗೇಟು ಬೀಳುವುದಕ್ಕೆ ಐದು ನಿಮಿಷವಿರುವಾಗ ನುಗ್ಗಿ, ಜಪಸರವನ್ನು ಗಟ್ಟಿಯಾಗಿ ಹೇಳುತ್ತಾ, ಕತ್ತಲಲ್ಲಿ ಘಟ್ಟ ಇಳಿಯುವುದನ್ನು ನಾನೇ ಕಂಡಿದ್ದೇನೆ. ಬೆಳಿಗ್ಗೆ ಹೋಗುವವರು ವಾಹನ ನಿಲ್ಲಿಸಿ ಕೋತಿಗಳಿಗೆ ಬಾಳೆಹಣ್ಣು ಎಸೆಯುತ್ತಾರೆ, ಪುಣ್ಯವೆಂದು ಬೇರೆ ತಿಳಿಯುತ್ತಾರೆ. ಕಬ್ಬಿನ ಲಾರಿಯಿಂದ ಬಿದ್ದ ಜಲ್ಲೆಯ ರುಚಿ ಹತ್ತಿದ ಆನೆಗಳು ಕಾರಪಳ್ಳಂ ಬಳಿ ರಸ್ತೆಯಲ್ಲಿಯೇ ಕಾದು ನಿಲ್ಲುವುದನ್ನು ತಾಳವಾಡಿಯ ಕನ್ನಡಿಗರನ್ನು ಕೇಳಿದರೆ ಹೇಳುತ್ತಾರೆ. ಪ್ರಾಣಿಯನ್ನು ರಸ್ತೆಗೆ ಕರೆದು ಉಣಿಸುವುದೆಂದರೆ ಮುಂದಿನ ತಿರುವಿನಿಂದ ಬರುವ ವಾಹನಕ್ಕೆ ಅದನ್ನು ಒಪ್ಪಿಸಿದಂತೆ. ಬಿಳಾಮನ ಕತ್ತೆಗೆ ದಾರಿಯಲ್ಲಿ ನಿಂತ ದೂತನು ಕಂಡನು, ಮೇಲೆ ಕುಳಿತ ಪ್ರವಾದಿಗೆ ಕಾಣಲಿಲ್ಲ. ಅವನೂ ಅವಸರದ ಪ್ರಯಾಣದಲ್ಲಿದ್ದ.

ಹಿರಿಯರು ಬಿಟ್ಟುಹೋದ ಮನವಿ ಪತ್ರ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಹಿಂಬದಿ ಖಾಲಿಯಿತ್ತು. ಅಲ್ಲಿ ಇನ್ನೊಂದು ಮನವಿಯನ್ನು ಬರೆದಿದ್ದೇನೆ. ಗೇಟು ರಾತ್ರಿ ಒಂಬತ್ತಕ್ಕಲ್ಲ, ಸಂಜೆ ಆರಕ್ಕೇ ಬೀಳಲಿ, ಏಕೆಂದರೆ ಮುಸ್ಸಂಜೆಯ ಹೊತ್ತೇ ಪ್ರಾಣಿಗಳು ಹೆಚ್ಚು ಓಡಾಡುವ ಹೊತ್ತು. ಗುಂಡ್ಲುಪೇಟೆಯಲ್ಲಿ ಲಾರಿಯವರಿಗೆ ತಂಗುದಾಣವೂ ರೈತರಿಗೆ ಶೀತಲ ಗೃಹವೂ ಆಗಲಿ. ಕುಟ್ಟದ ದಾರಿಯನ್ನು ಹೊಂಡ ಬೀಳದಂತೆ ನೋಡಿಕೊಳ್ಳಲಿ. ರಾಜ್ಯದಲ್ಲಿ ಇನ್ನು ಮುಂದೆ ಕಾಡಿನಲ್ಲಿ ಯಾವ ಹೆದ್ದಾರಿಯನ್ನು ಅಗಲಿಸಿದರೂ ಪೆಂಚ್‌ನಂತೆ ಮೊದಲು ಪ್ರಾಣಿಗಳ ದಾರಿಯನ್ನು ಗುರುತಿಸಲಿ. ಮಳೆನೀರಿನ ಮೋರಿಗೆ ಬಣ್ಣ ಬಳಿದು ಅದೇ ಪ್ರಾಣಿಗಳ ದಾರಿ ಎಂದು ಲೆಕ್ಕ ತೋರಿಸುವುದನ್ನು ಬಿಡಲಿ. ಈ ಸಲ ವೇಳಾಂಗಣಿಗೆ ಹೋಗುವ ನಮ್ಮ ವಾಹನಗಳು ಬೆಳಿಗ್ಗೆ ಆರಾದ ಮೇಲೆಯೇ ಹಾಸನೂರು ಸೇರುವಂತೆ ಹೊರಡುವ ಹೊತ್ತನ್ನು ನಾನೇ ಗೊತ್ತುಮಾಡುತ್ತೇನೆ.

ಮೊದಲ ಸಹಿ ಹಾಕಿದ್ದೇನೆ. ಎರಡನೆಯದಕ್ಕೆ ಜಾಗ ಬಿಟ್ಟಿದ್ದೇನೆ, ಅಂಗಳದಲ್ಲಿ ನಿಂತು ಮಾತಾಡಿದ ಆ ಹಿರಿಯರಿಗಾಗಿ. ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಕಾಗದ ಹಿಡಿದು ನಿಂತಿರುತ್ತೇನೆ.